ಷರಾ ಕಾಲಂ

ಹಾಸನದ ಹಳೇ ದಫ್ತರಖಾನೆ. ಕಿಟಕಿಗೆ ಹಲಗೆ ಹೊಡೆದಿದ್ದಾರೆ.
ಮೂರು ವಾರ ನನಗೆ ಇಲ್ಲೇ ಡ್ಯೂಟಿ:
ಇಡುವುದೋ ಸುಡುವುದೋ, ಪ್ರತಿ ಕಟ್ಟಿನ ಮೇಲೂ ಬರೆಯಬೇಕು.
ಶಿಷ್ಟಾಚಾರ ಶಾಖೆಯಿಂದ ನನ್ನನ್ನು ಇಲ್ಲಿಗೆ ಹಾಕಿದ್ದು
ಧ್ವಜಾರೋಹಣದ ದಿನ ಯಾರದೋ ಕುರ್ಚಿ
ಎರಡನೇ ಸಾಲಿಗೆ ಹೋಯಿತೆಂದು.
ಅದಿರಲಿ.

ಕಟ್ಟು ನಲವತ್ತೊಂದು. ಇಸವಿ ಸಾವಿರದ ಎಂಟುನೂರ ಅರವತ್ತೇಳು.
ವಿಷಯ: ಬೇಲೂರು ರಸ್ತೆಯ ಮೋರಿ.
ದಾರ ಬಿಚ್ಚಿದರೆ ಮೋರಿಯೇ ಇಲ್ಲ,
ಇಬ್ಬರು ದೊರೆಗಳಿದ್ದಾರೆ.

ಕ್ಯಾಪ್ಟನ್ ಥಾರ್ನ್‌ಬಿ, ಜಿಲ್ಲೆಯ ಡೆಪ್ಯುಟಿ ಸುಪರಿಂಟೆಂಡೆಂಟ್.
ಮಿಸ್ಟರ್ ಪೆಲ್ಲೋ, ಹೊಸದಾಗಿ ಬಂದ ಇಂಜಿನಿಯರ್.
ಹೊಸಬ ಮೊದಲು ಹೋಗಿ, ಹನ್ನೆರಡರಿಂದ ಎರಡರೊಳಗೆ,
ಹೆಸರಿನ ಚೀಟಿ ಇಟ್ಟು ಬರಬೇಕು; ಅದು ಅವರ ಮಡಿ.
ಪೆಲ್ಲೋ ಬರೆಯುತ್ತಾನೆ: ನಾನು ಊರಿಗೆ ಹೊಸಬ, ಸರಿ,
ಸರ್ವೀಸಿನಲ್ಲಿ ನಿಮಗಿಂತ ನಾಲ್ಕು ತಿಂಗಳು ಹಿರಿಯ.
ನನ್ನ ಜಗಲಿಯ ಮೇಲೂ ಒಂದು ತಟ್ಟೆ ಇದೆ.

ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ. ಆದರೆ ಕೊನೆಯ ಸಾಲು
ನಮ್ಮ ಕಚೇರಿಯಲ್ಲಿ ಯಾರಿಗೂ ಅರ್ಥವಾಗುತ್ತದೆ.
ಮೊದಲ ಪತ್ರ: ತಮ್ಮ ಅತ್ಯಂತ ವಿಧೇಯ ಸೇವಕ.
ಮೂರನೆಯದರಲ್ಲಿ ಅತ್ಯಂತ ಹೋಯಿತು.
ಐದನೆಯದರಲ್ಲಿ ವಿಧೇಯ.
ಎಂಟನೆಯದರಲ್ಲಿ ಬರೀ ತಮ್ಮ,
ಒಂಬತ್ತರಲ್ಲಿ ಅದೂ ಇಲ್ಲ, ರುಜು ಮಾತ್ರ,
ನಿಬ್ಬು ಕಾಗದವನ್ನು ಹರಿದಿದೆ.

ನಡುವೆ ರಾಣಿಯ ಹುಟ್ಟುಹಬ್ಬದ ಊಟ.
ಊರಲ್ಲಿದ್ದ ಬಿಳಿಯರೇ ಐದು ಜನ.
ಮೇಜಿನ ಬಳಿಗೆ ಯಾರ ಹೆಂಡತಿಯ ಕೈ ಯಾರು ಹಿಡಿದು ನಡೆಯಬೇಕು
ಎಂದು ಮೈಸೂರಿಗೆ ಬರೆದಿದ್ದಾರೆ,
ಮೈಸೂರಿನವರು ಬೆಂಗಳೂರಿಗೆ.
ಉತ್ತರ ಬರುವ ಹೊತ್ತಿಗೆ ಹಬ್ಬ ಮುಗಿದು ಜಡಿಮಳೆ ಹಿಡಿದಿತ್ತು.

ಮೋರಿ ಆ ಮಳೆಯಲ್ಲೇ ಹೋಯಿತು.
ರಿಪೇರಿ ಅಂದಾಜು ಇನ್ನೂರ ಹನ್ನೆರಡು ರೂಪಾಯಿ ಎಂಟಾಣೆ.
ಇಬ್ಬರ ಸಹಿಯೂ ಬೇಕು.
ಕಾಗದ ಆ ಬಂಗಲೆಗೆ ಹೋಗುತ್ತದೆ, ಈ ಬಂಗಲೆಗೆ ಬರುತ್ತದೆ:
ಸಂಬೋಧನೆ ಸರಿಯಿಲ್ಲ, ವಾಪಸು.
ಒಕ್ಕಣೆಯಲ್ಲಿ ಗೌರವ ಸಾಲದು, ವಾಪಸು.

ಪುಟ ಮೂವತ್ತಾರು ಕನ್ನಡದ್ದು. ಗಾಣಿಗರ ಪುಟ್ಟೀರಿಯ ಅರ್ಜಿ.
ಹುಚ್ಚೆಳ್ಳೆಣ್ಣೆಯ ಗಾಡಿ ಹಳ್ಳಕ್ಕೆ ಮಗುಚಿತು,
ಎಡಗಡೆಯ ಎತ್ತಿನ ಕಾಲು ಮುರಿಯಿತು, ಎಣ್ಣೆ ನೀರು ಪಾಲು,
ಮಹಾಸ್ವಾಮಿಗಳು ದಾರಿ ಮಾಡಿಸಿಕೊಡಬೇಕು.
ಮೇಲೆ ಕೆಂಪು ಶಾಯಿಯಲ್ಲಿ: ಯಾವ ಅಧಿಕಾರಿಗೆ ಬರೆದದ್ದೆಂದು ನಮೂದಿಸಿಲ್ಲ.

ಅದರ ಅಂಚಿನಲ್ಲಿ, ಇರುವೆಸಾಲಿನಂಥ ಅಕ್ಷರದಲ್ಲಿ,
ಶಿರಸ್ತೇದಾರ ಅಣ್ಣಾಜಿರಾಯ ಬರೆದಿದ್ದಾನೆ
(ಯಾರಿಗೂ ತೋರಿಸಲಿಕ್ಕಲ್ಲ, ಇರಲಾರದೆ):
ಅವರು ಇವರ ಮನೆಗೆ ಹೋಗಲಿ, ಇವರು ಅವರ ಮನೆಗೆ ಹೋಗಲಿ,
ಗಾಡಿ ಯಾವ ದಾರಿಯಲ್ಲಿ ಹೋಗಬೇಕು?
ಆಮೇಲೆ ಹೆದರಿ ಹೊಡೆದು ಹಾಕಿದ್ದಾನೆ. ಆದರೂ ಓದಲು ಬರುತ್ತದೆ.

ಕಡೆಯ ಪುಟ ಅಂಗೈಯಷ್ಟು.
ಪೇದೆ ಸಿದ್ದನಂಜನ ಬಿಲ್ಲು:
ಕೆರೆ ಸುತ್ತಿಕೊಂಡು ಬಂಗಲೆಯಿಂದ ಬಂಗಲೆಗೆ ಅರವತ್ತೆರಡು ಸಲ,
ಚಪ್ಪಲಿ ಒಂದು ಜೊತೆ ಸವೆದದ್ದು, ಆರು ಆಣೆ.
ಅದಕ್ಕೆ ಇಬ್ಬರು ದೊರೆಗಳೂ ಸೇರಿ ರುಜು ಹಾಕಿದ್ದಾರೆ.
ಇಡೀ ಕಡತದಲ್ಲಿ ಅವರು ಒಪ್ಪಿದ ಮಾತು ಇದೊಂದೇ:
ಎರಡು ಜಗಲಿಗಳಿಗೂ ಬರಿಗಾಲಲ್ಲೇ ಹತ್ತಬೇಕಾದವನಿಗೆ
ಪಾದರಕ್ಷೆಯ ಖರ್ಚು ಸಲ್ಲದು. ತಿರಸ್ಕರಿಸಿದೆ.

ಹೊರಗೆ ಕಾರಿಡಾರಿನಲ್ಲಿ ಯಾರೋ ಜಗಳವಾಡುತ್ತಿದ್ದಾರೆ,
ಆಹ್ವಾನ ಪತ್ರಿಕೆಯಲ್ಲಿ ಒಂದು ಹೆಸರು ಕೆಳಗಾಯಿತಂತೆ.
ನಾನು ಎದ್ದು ನೋಡಲಿಲ್ಲ.
ಕಾಲ ಮೇಲೆ ದೂಳು. ಬಾಗಿಲಾಚೆ ಬಿಟ್ಟಿದ್ದ ಚಪ್ಪಲಿ
ಇದೆಯೋ ಇಲ್ಲವೋ ಒಮ್ಮೆ ಬಗ್ಗಿ ನೋಡಿದೆ.

ವಿಲೇವಾರಿ ಕಾಲಮ್ಮಿನಲ್ಲಿ ಬರೆದೆ: ಇಡುವುದು.
ಕಾರಣ ಕೇಳುತ್ತಾರೆ, ಕೇಳದೆ ಬಿಡುವವರಲ್ಲ.
ಷರಾ: ಆರು ಆಣೆ ಬಾಕಿ.